ಗೆಲುವಿನ ಕನಸಿನ ಪಕ್ಕದಲ್ಲೇ ಅಡ್ಡಿಯನ್ನೂ ಬರೆದಿಡಿ

ಕಬ್ಬನ್ ಪಾರ್ಕಿನಲ್ಲಿ ಬೆಳಗಿನ ಓಟಕ್ಕೆ ಮುನ್ನ ‘ನನ್ನಿಂದ ಆಗುತ್ತದೆ’ ಎಂದುಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಆ ಮಾತಿನಿಂದ ಸ್ನಾಯುಗಳಲ್ಲಿ ಕೂಡಿಟ್ಟ ಇಂಧನವಾದ ಗ್ಲೈಕೋಜನ್ ಹೆಚ್ಚುವುದಿಲ್ಲ, ಮತ್ತು 42.195 ಕಿ.ಮೀ. ಮ್ಯಾರಥಾನಿನಲ್ಲಿ ಸುಮಾರು 30 ಕಿ.ಮೀ. ದಾಟಿದ ಮೇಲೆ ಕಾಲು ಕಲ್ಲಾಗುವುದಕ್ಕೆ ಬಹುಮಟ್ಟಿಗೆ ಅದರ ಕೊರತೆಯೇ ಕಾರಣ. ಗುರಿಯನ್ನು ಮುಟ್ಟಿಯೇಬಿಟ್ಟಂತೆ ಸುಖವಾಗಿ ಕಲ್ಪಿಸಿಕೊಂಡರೆ ದುಡಿಯುವ ಹುರುಪು ಇಳಿಯಬಹುದೆಂದು ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಎಟಿಂಗನ್ ಅವರ ಸಂಶೋಧನೆಗಳು ತೋರಿಸಿವೆ.

ಆದ್ದರಿಂದ ಗುರಿಯ ಸಮಯವನ್ನು ಆಸೆಯಿಂದಲ್ಲ, ಕಳೆದ ತಿಂಗಳ ಓಟದ ದಾಖಲೆಯಿಂದ ನಿರ್ಧರಿಸಿ. ಅನಂತರ ಅದಕ್ಕೆ ಅಡ್ಡಬರುವ ಒಂದೇ ಒಂದು ಸಂಗತಿಯನ್ನು, ಮುಜುಗರವಾದರೂ ಸರಿ, ಪ್ರಾಮಾಣಿಕವಾಗಿ ಬರೆಯಿರಿ: ಮೊದಲ ಎರಡು ಕಿಲೋಮೀಟರ್ ಜನರ ಹುಮ್ಮಸ್ಸಿಗೆ ಸಿಕ್ಕಿ ಅತಿವೇಗವಾಗಿ ಓಡುವುದು, ಏಪ್ರಿಲ್ ಬಿಸಿಲು ಅಥವಾ ನಿದ್ದೆಗೇಡು. ಅದರ ಮುಂದೆ ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂಬ ವಾಕ್ಯವಿರಲಿ. ಉದಾಹರಣೆಗೆ, ‘ಏದುಸಿರು ಬಂದು ಒಂದು ಪೂರ್ತಿ ವಾಕ್ಯ ಆಡಲಾಗದಿದ್ದರೆ ಅಭ್ಯಾಸದ ವೇಗ ತಗ್ಗಿಸುತ್ತೇನೆ’.

ನೋವಿನ ವಿಷಯದಲ್ಲಿ ಮಾತ್ರ ಆಶಾವಾದ ಬೇಡವೇ ಬೇಡ. ಮೊಣಕಾಲಿನ ಕೆಳಗೆ ಮೂಳೆಯ ಒಂದೇ ಜಾಗದಲ್ಲಿ ಚುಚ್ಚುತ್ತಿದ್ದ ನೋವನ್ನು ‘ಮನಸ್ಸಿನ ಭ್ರಮೆ’ ಎಂದು ತಳ್ಳಿಹಾಕಿ ನಾನು ಆರು ವಾರ ಓಟ ಕಳೆದುಕೊಂಡೆ. ಬೆರಳಿಟ್ಟು ತೋರಿಸಬಹುದಾದ ನೋವಿದ್ದರೆ, ಅಥವಾ ಹೆಜ್ಜೆಯೇ ಕುಂಟಿದರೆ, ಓಟ ನಿಲ್ಲಿಸಿ ವೈದ್ಯರನ್ನು ಕಾಣಿ.