ಗಾಳ ಹಾಕಿದರೆ ನೆಮ್ಮದಿ ಸಿಗುತ್ತದಂತೆ!

ಗಾಳ ಹಾಕುವವರನ್ನು ನಿಲ್ಲಿಸಿ, ಯಾಕಪ್ಪಾ ಈ ಹುಚ್ಚು ಅಂತ ಕೇಳಿ. ಹೆಚ್ಚಿನವರು "ಮನಸ್ಸಿಗೆ ನೆಮ್ಮದಿ" ಅನ್ನುತ್ತಾರೆ. ನಾನೂ ಮನೆಯಲ್ಲಿ ಹಾಗೇ ಹೇಳಿ ಹೊರಡುತ್ತೇನೆ, ಅದು ಬೇರೆ ವಿಷಯ. ನಿಜ ಹೇಳಬೇಕೆಂದರೆ ನೀರಿನ ಬದಿಯಲ್ಲಿ ನನ್ನಷ್ಟು ನೆಮ್ಮದಿಗೆಟ್ಟವನು ಇನ್ನೊಬ್ಬನಿಲ್ಲ. ಕಣ್ಣು ನೀರಿನ ಮೇಲೆ, ಬೆರಳು ದಾರದ ಮೇಲೆ, ತಲೆಯೊಳಗೆ ಲೆಕ್ಕಾಚಾರ. ದಾರ ಒಂಚೂರು ಅಲುಗಿದರೂ ಎದೆ ಧಸಕ್ಕೆನ್ನುತ್ತದೆ. ದಾರಿಹೋಕರಿಗೆ ಮಾತ್ರ ಸುಮ್ನೆ ಕೂತ ಹಾಗೆ ಕಾಣುತ್ತದೆ.

ನಾನು ಗಾಳ ಹಾಕುವುದು ಕುಂದಾಪುರದ ಸುತ್ತಮುತ್ತ, ಪಂಚಗಂಗಾವಳಿಯಲ್ಲಿ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟ, ಈ ಐದು ಹೊಳೆಗಳು ಒಟ್ಟಾಗಿ ಗಂಗೊಳ್ಳಿಯ ಹತ್ತಿರ ಸಮುದ್ರ ಸೇರುತ್ತವೆ. ಉಪ್ಪು ನೀರು ದಿನಕ್ಕೆ ಎರಡು ಸಲ ಹೊಳೆಯೊಳಗೆ ಬರುತ್ತದೆ, ಎರಡು ಸಲ ವಾಪಸ್ ಹೋಗುತ್ತದೆ. ಒಂದು ಕಡೆ ಮರಳು, ಇನ್ನೊಂದು ಕಡೆ ಕೆಸರು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಸೇತುವೆಯ ಕಂಬಗಳು. ಒಂದೊಂದು ಜಾಗಕ್ಕೂ ಅದರದೇ ಮೀನು, ಅದರದೇ ಹೊತ್ತು.

ಹೊರಡುವ ಮೊದಲು ನಾನು ನೋಡುವುದು ಹವಾಮಾನ ಅಲ್ಲ, ತಿಥಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜೋರಾಗಿ ಏರಿ ಜೋರಾಗಿ ಇಳಿಯುತ್ತದೆ. ಸೀಸದ ಗುಂಡು ನೆಲದಲ್ಲಿ ನಿಲ್ಲುವುದಿಲ್ಲ. ಜೊಂಡು, ಪ್ಲಾಸ್ಟಿಕ್ ಎಲ್ಲ ಬಂದು ದಾರಕ್ಕೆ ಸುತ್ತಿಕೊಳ್ಳುತ್ತವೆ. ಅಷ್ಟಮಿಯ ಹೊತ್ತಿಗೆ ನೀರಿಗೆ ಶಕ್ತಿಯೇ ಇರುವುದಿಲ್ಲ. ಹಾಗಾಗಿ ನನಗೆ ಇಷ್ಟವಾದದ್ದು ನಡುವಿನ ದಿನಗಳು, ಚೌತಿ ಪಂಚಮಿ ಅಥವಾ ಏಕಾದಶಿ ದ್ವಾದಶಿ. ಭರತದ, ಅಂದರೆ ನೀರು ತುಂಬುವ ಹೊತ್ತು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಬೆಳಿಗ್ಗೆ 6ಕ್ಕೆ ತುಂಬಿದ ನೀರು ನಾಳೆ 7ರ ಹತ್ತಿರ ತುಂಬುತ್ತದೆ. ಫೋನಿನಲ್ಲಿ ಇದಕ್ಕೆ ಆ್ಯಪ್ ಇದೆ. ಆದರೆ ಅದು ಹೇಳುವುದು ಬಂದರಿನ ಬಾಯಿಯ ಸಮಯ. ಹೊಳೆಯೊಳಗೆ ಹೋದಷ್ಟೂ ನೀರು ಬರುವುದು ತಡ. ಎಷ್ಟು ತಡ ಅಂತ ಆಯಾ ಕಟ್ಟೆಯಲ್ಲಿ ಕೂತೇ ತಿಳಿಯಬೇಕು.

ಇಳಿದ ನೀರು ನಿಂತು, ಮತ್ತೆ ಏರಲು ಶುರುವಾದ ಮೇಲಿನ ಎರಡು ಗಂಟೆಯೇ ನನ್ನ ಹೊತ್ತು. ಒಣಗಿದ್ದ ಕೆಸರಿನ ಮೇಲೆ ನೀರು ಹರಡುತ್ತಾ ಬರುವಾಗ ಹುಳ, ಏಡಿ ಮರಿ, ಚಟ್ಲಿ (ಸಿಗಡಿ) ಎಲ್ಲ ಎದ್ದು ಓಡಾಡುತ್ತವೆ. ಅವುಗಳ ಹಿಂದೆಯೇ ಮೀನು ಬರುತ್ತದೆ. ಅದರ ದಾರಿಯಲ್ಲಿ ಮೊದಲೇ ಕೂತಿರಬೇಕು.

ಸಾಮಾನು ಜಾಸ್ತಿ ಇಲ್ಲ. ರಾಡು, ರೀಲು ಇದ್ದವರು ಇಟ್ಟುಕೊಳ್ಳಲಿ, ಸೇತುವೆಯ ಹತ್ತಿರ ದೂರಕ್ಕೆ ಎಸೆಯಬೇಕಾದಾಗ ನಾನೂ ಬಳಸುತ್ತೇನೆ. ಆದರೆ ನನ್ನ ಪ್ರೀತಿ ಕೈದಾರದ ಮೇಲೆ. ನೀರಿನ ಬಾಟಲಿಗೆ ಸುತ್ತಿದ ನೈಲಾನ್ ದಾರ, ನಡುವೆ ತೂತಿರುವ ಸೀಸದ ಗುಂಡು, ಅದರ ಕೆಳಗೆ ಒಂದು ಸ್ವಿವೆಲ್ (ತಿರುಗುವ ಕೊಂಡಿ), ಅಲ್ಲಿಂದ ಮೊಳದುದ್ದ ತೆಳು ದಾರ, ತುದಿಗೆ ಗಾಳ. ಗುಂಡು ದಾರದ ಮೇಲೆ ಜಾರುವ ಹಾಗಿರಬೇಕು. ಗಂಟು ಹಾಕಿ ಕಟ್ಟಿದರೆ ಮೀನು ಎಳೆದ ಕೂಡಲೇ ಭಾರ ತಾಗುತ್ತದೆ, ಉಗುಳಿಬಿಡುತ್ತದೆ. ಜಾರುವ ಗುಂಡಾದರೆ ಮೀನಿಗೂ ನನ್ನ ಬೆರಳಿಗೂ ನಡುವೆ ದಾರ ಬಿಟ್ಟರೆ ಏನೂ ಇಲ್ಲ.

ಆ ಬೆರಳಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ದಾರವನ್ನು ತೋರುಬೆರಳಿನ ಮೊದಲ ಗೆಣ್ಣಿನ ಮೇಲೆ ಹಾಯಿಸಿ, ಹೆಬ್ಬೆರಳಿನಿಂದ ಹಗುರಾಗಿ ಹಿಡಿಯುತ್ತೇನೆ. ಮೊದಮೊದಲು ಎಲ್ಲವೂ ಒಂದೇ ತರ ಅನಿಸುತ್ತದೆ. ಕ್ರಮೇಣ ಬೇರೆ ಬೇರೆಯಾಗಿ ತಿಳಿಯುತ್ತದೆ. ನೀರಿನ ಸೆಳೆತ ಒಂದೇ ಸಮ ಇರುತ್ತದೆ. ಏಡಿ ಹಿಡಿದರೆ ದಾರ ನಿಧಾನಕ್ಕೆ ಭಾರವಾಗುತ್ತದೆ, ಒದ್ದೆ ಬಟ್ಟೆ ಎಳೆದ ಹಾಗೆ. ಕಾಣೆ ಮೀನು ಟಕ್ ಟಕ್ ಅಂತ ಎರಡು ಸಲ ಕುಟ್ಟಿ ನಿಲ್ಲಿಸುತ್ತದೆ. ಆಗ ಎಳೆಯಬಾರದು. ಮೂರನೇ ಸಲ ದಾರ ಓಡಿದಾಗ ಮಣಿಕಟ್ಟನ್ನು ಸ್ವಲ್ಪ ಎತ್ತಿದರೆ ಸಾಕು. ಅದರ ಬಾಯಿ ಚಿಕ್ಕದು, ಗಾಳವೂ ಚಿಕ್ಕದಿರಬೇಕು. ಮರಳಿನ ಬದಿಯಲ್ಲಿ ಮಾತ್ರ ಅದನ್ನು ಹುಡುಕಬೇಕು, ಹೆದರಿದರೆ ಮರಳೊಳಗೇ ಹೂತುಕೊಳ್ಳುವ ಮೀನು ಅದು.

ಕೆಂಬೇರಿ ಮೀನಿಗೆ ಕುಟ್ಟುವ ಅಭ್ಯಾಸವೇ ಇಲ್ಲ. ಒಂದೇ ಏಟು, ಹಿಂದೆಯೇ ಕಾಂಡ್ಲಾ ಬೇರಿನೊಳಕ್ಕೆ ಓಟ. ಮೊದಲ ಎರಡು ಸೆಕೆಂಡಿನಲ್ಲಿ ತಡೆದರೆ ಮೀನು ನಮ್ಮದು, ತಡೆಯದಿದ್ದರೆ ದಾರವೂ ನಮ್ಮದಲ್ಲ. ಕೈದಾರದಲ್ಲಿ ಅದನ್ನು ಹಿಡಿಯುವಾಗ ಬೆರಳಿಗೆ ಬಟ್ಟೆ ಸುತ್ತಿಕೊಳ್ಳಿ, ನೈಲಾನ್ ಬ್ಲೇಡಿನ ಹಾಗೆ ಕೊಯ್ಯುತ್ತದೆ. ಇನ್ನು ಹೊಟ್ಟೆ ಉಬ್ಬಿಸುವ ಆ ವಿಷದ ಮೀನು ಬಂದರೆ ಯಾವ ಗಡಿಬಿಡಿಯೂ ಇಲ್ಲ. ಹಲ್ಲಿನಲ್ಲೇ ದಾರ ಕತ್ತರಿಸಿ ಗಾಳ ಸಮೇತ ಹೋಗುತ್ತದೆ. ಶಾಡೆ ಮೀನು ಸಿಕ್ಕರೆ ಬರಿಗೈ ಹಾಕಬೇಡಿ. ಬೆನ್ನಿನ ಒಂದು ಮುಳ್ಳು, ಪಕ್ಕದ ಎರಡು ಮುಳ್ಳು, ಮೂರೂ ವಿಷ. ಇಕ್ಕಳದಲ್ಲಿ ಗಾಳ ಬಿಡಿಸಬೇಕು.

ಇಷ್ಟನ್ನೆಲ್ಲ ಯಾಕೆ ಹೇಳಿದೆ ಅಂದರೆ, ಈ ಹುಚ್ಚಿನ ಗುಟ್ಟು ಇರುವುದು ಇಲ್ಲೇ ಅಂತ ನನ್ನ ಅನಿಸಿಕೆ. ಕಣ್ಣಿಗೆ ಕಾಣದ ಜಾಗದಲ್ಲಿ ಏನಾಗುತ್ತಿದೆ ಅಂತ ಒಂದು ಊಹೆ ಮಾಡುತ್ತೇವೆ. ಇಂಥ ತಿಥಿ, ಇಂಥ ನೀರು, ಈ ಕಂಬದ ಬುಡ, ಈ ಹೊತ್ತಿಗೆ ಅದು ಅಲ್ಲಿರಬೇಕು. ಆ ಊಹೆಗೆ ಕತ್ತಲ ನೀರಿನಿಂದ ಬೆರಳಿಗೇ ಉತ್ತರ ಬರುತ್ತದೆ. ಹೌದು, ಇದ್ದೇನೆ. ಅಥವಾ ಉತ್ತರವೇ ಬರುವುದಿಲ್ಲ. ಮೀನು ಬೇಕಿದ್ದರೆ ಮಾರ್ಕೆಟ್ಟಿಗೆ ಹೋದರಾಯಿತು, ಅಲ್ವಾ? ಅಲ್ಲಿ ಸಿಗುವುದೂ ಜಾಸ್ತಿ, ಅಗ್ಗವೂ ಹೌದು. ಆದರೆ ನಾನು ಸರಿಯಾಗಿ ಊಹಿಸಿದೆನೋ ಇಲ್ಲವೋ ಅಂತ ಮಾರ್ಕೆಟ್ಟಿನಲ್ಲಿ ಯಾರೂ ಹೇಳುವುದಿಲ್ಲ.

ಬೇಟೆಯ ಆಸೆಯ ಹಿಂದೆಯೂ ಇದೇ ಇತ್ತೇನೋ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಕ್ರಮೇಣ ನಿಂತಿತು, ನಿಲ್ಲಬೇಕಾದದ್ದೇ. ಕೊಡಗಿನ ಗೆಳೆಯನ ಮನೆಗೆ ಕೈಲ್‌ಪೊಳ್ದು ಹಬ್ಬಕ್ಕೆ ಹೋದಾಗ ಕೋವಿಗೆ ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಡುವುದನ್ನು ನೋಡಿದ್ದೇನೆ. ಹಳಬರು ಅಲ್ಲಿ ಕೂತು ಹಳೇ ಬೇಟೆಯ ಕತೆ ಹೇಳುತ್ತಾರೆ. ಗಮನವಿಟ್ಟು ಕೇಳಿ, ಗುಂಡು ಹಾರಿಸಿದ್ದು ಒಂದೇ ವಾಕ್ಯದಲ್ಲಿ ಮುಗಿಯುತ್ತದೆ. ಹೆಜ್ಜೆ ಎಲ್ಲಿತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಹಂದಿ ಯಾವ ಕಂಡಿಯಲ್ಲಿ ಹೊರಬೀಳುತ್ತದೆ ಅಂತ ಯಾರು ಸರಿಯಾಗಿ ಹೇಳಿದರು, ಉಳಿದ ಕತೆಯೆಲ್ಲ ಅದೇ. ಕ್ಯಾಮೆರಾ ಹೊತ್ತು ಹಕ್ಕಿ ಹುಡುಕುವವರ ಮಾತೂ ಹೀಗೇ ಇರುತ್ತದೆ. ಕೋವಿಯೂ ಇಲ್ಲ, ಗಾಳವೂ ಇಲ್ಲ, ಚಟ ಮಾತ್ರ ಅದೇ.

ಚಟ ಅಂತ ಬೇಕೆಂದೇ ಬರೆದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಿಗೆ ಗುಂಡಿ ಕುಟುಕಿದರೆ ಕಾಳು ಬೀಳುವ ಹಾಗೆ ಮಾಡಿದ್ದ. ಪ್ರತಿ ಸಲ ಕಾಳು ಸಿಗುತ್ತಿದ್ದ ಹಕ್ಕಿಗಳು, ಕಾಳು ನಿಂತ ಮೇಲೆ ಬೇಗ ಬಿಟ್ಟುಬಿಡುತ್ತಿದ್ದವು. ಯಾವಾಗ ಬೀಳುತ್ತದೋ ಗೊತ್ತಿಲ್ಲದ ಹಕ್ಕಿಗಳು ಮಾತ್ರ ಕುಟುಕುತ್ತಲೇ ಇರುತ್ತಿದ್ದವು. ಗಾಳದ ಆಟ ಇದೇ. ಮೊಬೈಲಿನಲ್ಲಿ ರೀಲ್ಸ್ ಮೇಲೆ ಮೇಲೆ ಸರಿಸುವುದೂ ಇದೇ. ವ್ಯತ್ಯಾಸ ಎಲ್ಲಿದೆ ಅಂದರೆ, ಮೊಬೈಲಿಗೆ ನಮ್ಮನ್ನು ಕೂರಿಸಿಕೊಳ್ಳುವುದೇ ಕೆಲಸ. ಹೊಳೆಗೆ ಆ ಹಂಗಿಲ್ಲ. ನೀರು ತುಂಬಿ ನಿಂತಿತೋ, ಮೀನು ಬಾಯಿ ಮುಚ್ಚುತ್ತದೆ. ಎಷ್ಟು ಹೊತ್ತು ಕೂತರೂ ಏನೂ ಇಲ್ಲ. ಎದ್ದು ಮನೆಗೆ ಹೋಗಲೇಬೇಕು. ಇಷ್ಟು ಸರಿಯಾಗಿ ಹೊತ್ತಿಗೆ ಬಾಗಿಲು ಹಾಕುವ ಚಟ ಬೇರೆ ನನಗೆ ಗೊತ್ತಿಲ್ಲ.

ಮಳೆಗಾಲದಲ್ಲಿ ನಾನು ಹೋಗುವುದಿಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ, 61 ದಿನ ರಜೆ. ಅದು ದಡದ ಗಾಳಕ್ಕೆ ಅನ್ವಯ ಆಗುವುದಿಲ್ಲ. ಆದರೂ ಹೊಳೆಯೆಲ್ಲ ಕೆಂಪು ನೀರು, ಉಪ್ಪು ನೀರಿನ ಮೀನುಗಳು ಹೊರಗೆ ಹೋಗಿರುತ್ತವೆ, ತಡೆಗೋಡೆಯ ಕಲ್ಲುಗಳು ಪಾಚಿ ಹಿಡಿದು ಜಾರುತ್ತವೆ. ಅಲ್ಲಿ ನಿಂತು ಸೆಲ್ಫಿ ತೆಗೆಯುವವರನ್ನು ಕಂಡರೆ ನನಗೆ ಬೈಯಬೇಕು ಅನಿಸುತ್ತದೆ, ಬೈಯುತ್ತೇನೆ ಕೂಡ. ನವರಾತ್ರಿ ಕಳೆದು ನೀರು ತಿಳಿಯಾದ ಮೇಲೆ ಶುರು ಮಾಡಿದರೆ ಸಾಕು.

ಇರ್ಪೆ ಮೀನಿನ ವಿಷಯದಲ್ಲಿ ನನ್ನದೊಂದು ಕಟ್ಟುಪಾಡಿದೆ. ಮೊಟ್ಟೆಯೊಡೆದು ಮರಿಯಾದಾಗ ಗಂಡು ಹೆಣ್ಣು ಎರಡೂ ಸೇರಿ ಮರಿಗಳನ್ನು ಕಾಯುತ್ತವೆ. ದಡದ ತಿಳಿನೀರಿನಲ್ಲಿ ಮರಿಗಳ ಹಿಂಡೂ ಪಕ್ಕದಲ್ಲಿ ದೊಡ್ಡ ಮೀನೂ ಕಂಡರೆ ಅಲ್ಲಿ ಗಾಳ ಇಳಿಸುವುದಿಲ್ಲ. ಅಂಗೈಗಿಂತ ಚಿಕ್ಕದು ಯಾವುದೇ ಬಂದರೂ ವಾಪಸ್. ಬಿಡುವಾಗ ಕೈ ಒದ್ದೆ ಮಾಡಿಕೊಳ್ಳಬೇಕು, ಒಣಗೈ ತಾಗಿದರೆ ಮೈಯ ಲೋಳೆ ಹೋಗುತ್ತದೆ. ತುಂಡಾದ ದಾರವನ್ನು ಜೇಬಿಗೆ ಹಾಕಿಕೊಂಡು ಬರುತ್ತೇನೆ. ಮಿಂಚುಳ್ಳಿ, ನೀರುಕಾಗೆಗಳ ಕಾಲಿಗೆ ಸುತ್ತಿಕೊಳ್ಳುವುದು ಅದೇ ದಾರ.

ಮನೆಯಲ್ಲಿ ಇರುವ ನಿಯಮ ಒಂದೇ: ಹಿಡಿದವನೇ ಕೊಯ್ಯಬೇಕು. ಮೊದಲು ಇದು ಶಿಕ್ಷೆ ಅನಿಸುತ್ತಿತ್ತು, ಈಗ ಆಟದ ಅರ್ಧ ಭಾಗವೇ ಇದು. ಹೊಟ್ಟೆ ಸೀಳಿ ಒಳಗೇನಿದೆ ಅಂತ ನೋಡುತ್ತೇನೆ. ಕಾಣೆಯಲ್ಲಿ ಕೆಸರಿನ ಹುಳ ಇದ್ದರೆ ಮುಂದಿನ ಸಲ ಹುಳ ಅಗೆದು ಒಯ್ಯುತ್ತೇನೆ. ಮೊನ್ನೆಯ ಕೆಂಬೇರಿಗೆ ನಾನು ಚಟ್ಲಿ ಹಾಕಿದ್ದೆ. ಅದರ ಹೊಟ್ಟೆಯಲ್ಲಿ ಇದ್ದದ್ದು ಮಾತ್ರ ಏಡಿ ಮರಿಗಳ ಕಾಲು, ಚಿಪ್ಪು. ಬರುವ ದ್ವಾದಶಿಗೆ ಅದೇ ಕಂಬದ ಬುಡದಲ್ಲಿ ಏಡಿ ಕಟ್ಟಿ ನೋಡಬೇಕು.