ನೀಲಿ ಬೋರ್ಡಿನ ಕಾರು, ಒಂದು ಬುಟ್ಟಿ ಬಂಗುಡೆ

ಮಂಗಳೂರಿನ ಟ್ರಾಫಿಕ್ ಠಾಣೆಯಲ್ಲಿ ಎಸ್‌ಐ ಆಗಿದ್ದಾಗಿನ ಮಾತು. ಒಂದು ಭಾನುವಾರ ಬೆಳಿಗ್ಗೆ ಬಂದರು ರಸ್ತೆಯಲ್ಲಿ ರಿವರ್ಸ್ ಬರುತ್ತಿದ್ದ ಕಾರು ಮೀನು ಮಾರುವ ಅಕ್ಕನ ಬುಟ್ಟಿಗೆ ತಾಗಿತ್ತು. ನಾನು ಹೋಗುವಷ್ಟರಲ್ಲಿ ರಸ್ತೆ ತುಂಬಾ ಬಂಗುಡೆ, ಮೇಲೆ ಕಾಗೆಗಳು. ಅಕ್ಕನಿಗೆ ಗಾಯ ಇರಲಿಲ್ಲ, ಸಿಟ್ಟು ಜಾಸ್ತಿ ಇತ್ತು.

ನಂಬರ್ ಪ್ಲೇಟ್ ತಿಳಿನೀಲಿ, ಅದರ ಮೇಲೆ ಬಿಳಿ ಅಕ್ಷರದಲ್ಲಿ ‘ಸಿಸಿ’. ನಮ್ಮ ಕಾನ್‌ಸ್ಟೇಬಲ್ ಕಿವಿಯಲ್ಲಿ ಹೇಳಿದ, “ಸರ್, ಫಾರಿನ್‌ನವರ ಗಾಡಿ. ಸುಮ್ನೆ ಬಿಟ್ಟುಬಿಡೋಣ ಅಲ್ವಾ?”

ನಮ್ಮವರು ಎಡವುವುದೇ ಇಲ್ಲಿ. ‘ಸಿಡಿ’ ಅಂದರೆ ರಾಯಭಾರ ಕಚೇರಿ. 1961ರ ವಿಯೆನ್ನಾ ಒಪ್ಪಂದದ ಪ್ರಕಾರ ರಾಜತಾಂತ್ರಿಕರನ್ನು ಬಂಧಿಸುವ ಹಾಗಿಲ್ಲ. ‘ಸಿಸಿ’ ಕಾನ್ಸುಲೇಟಿನದ್ದು, ಅಂದರೆ ಬೇರೆ ಊರುಗಳಲ್ಲಿ ವೀಸಾದಂಥ ಕೆಲಸ ನೋಡುವ ವಿದೇಶಿ ಕಚೇರಿಯದ್ದು. ಅದಕ್ಕೆ 1963ರ ಬೇರೆಯೇ ಒಪ್ಪಂದ. ಅಲ್ಲಿ ಕೋರ್ಟು ಕೇಸಿನಿಂದ ರಕ್ಷಣೆ ಇರುವುದು ಕಚೇರಿ ಕೆಲಸಕ್ಕೆ ಮಾತ್ರ. ಕಚೇರಿ ಕೆಲಸದಲ್ಲೇ ಇದ್ದರೂ, ಗಾಡಿ ತಾಗಿ ಬೇರೆಯವರಿಗೆ ನಷ್ಟವಾದರೆ ಅವರು ಪರಿಹಾರಕ್ಕೆ ದಾವೆ ಹಾಕಬಹುದು ಅಂತ 43ನೇ ವಿಧಿ ಹೇಳುತ್ತದೆ. ಇದನ್ನು ನನ್ನ ಡೈರಿಯ ಕೊನೇ ಪುಟದಲ್ಲಿ ಬರೆದಿಟ್ಟುಕೊಂಡಿದ್ದೆ.

ಕಾರು ಓಡಿಸುತ್ತಿದ್ದವರು ಬೆಂಗಳೂರಿನ ಒಂದು ಕಾನ್ಸುಲೇಟಿನ ಆಡಳಿತ ಸಿಬ್ಬಂದಿ. ಅವರ ಬಾಯಲ್ಲಿ ಮೊದಲು ಬಂದದ್ದೇ ‘ಇಮ್ಯುನಿಟಿ’, ಅದೇ ಕೇಸು ಹಾಕದಂತೆ ಇರುವ ರಕ್ಷಣೆ. ನಾನು ಸಲ್ಯೂಟ್ ಹೊಡೆದು ವಿದೇಶಾಂಗ ಸಚಿವಾಲಯ ಕೊಟ್ಟ ಗುರುತಿನ ಚೀಟಿ ಕೇಳಿದೆ. ಪ್ಲೇಟ್ ಕಾರಿನದ್ದು, ಮನುಷ್ಯ ಯಾರೆಂದು ಹೇಳುವುದು ಚೀಟಿ. ಕೀ ಕಿತ್ತುಕೊಳ್ಳಲಿಲ್ಲ, ಠಾಣೆಗೆ ಬನ್ನಿ ಅನ್ನಲೂ ಇಲ್ಲ. ಚೀಟಿ, ಲೈಸೆನ್ಸ್, ವಿಮೆ, ಮೂರರ ಫೋಟೋ ತೆಗೆದೆ. ಆಮೇಲೆ ಒಂದೇ ಪ್ರಶ್ನೆ: “ಇವತ್ತು ಕಚೇರಿ ಕೆಲಸಕ್ಕೆ ಬಂದದ್ದಾ?” ಹಿಂದಿನ ಸೀಟಿನಲ್ಲಿ ಮಗು ಮರಳಾಟದ ಬಕೆಟ್ ಹಿಡಿದು ಕೂತಿತ್ತು. ಅವರು ಅತ್ತ ನೋಡಿ ಸುಮ್ಮನಾದರು.

“ಎಂತ ಮಾರಾಯ್ರೆ, ನೀಲಿ ಬೋರ್ಡ್ ಇದ್ರೆ ನನ್ನ ಬಂಗುಡೆ ಧರ್ಮಕ್ಕಾ?” ಅಂದರು ಅಕ್ಕ. ಏನು ಹೇಳ್ತಿದ್ದಾರೆ ಅಂತ ಕಾರಿನವರು ಕೇಳಿದರು. ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ನಗು ಬಂತು ಅವರಿಗೆ. ಇಳಿದು ಬಂದು ಸಾರಿ ಕೇಳಿ, ಬುಟ್ಟಿಯ ದುಡ್ಡು ಕೊಟ್ಟರು. ಅಕ್ಕ ಎರಡು ಸಲ ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ರಾಜಿ ಆಯಿತೆಂದು ಕಾಗದ ಬಿಡುವ ಹಾಗಿಲ್ಲ. ಸಮಯ, ಜಾಗ, ಪ್ಲೇಟ್ ನಂಬರ್, ಕೊಟ್ಟ ದುಡ್ಡು, ಎಲ್ಲ ಸ್ಟೇಷನ್ ಡೈರಿಗೆ ಹೋಯಿತು. ಒಂದು ಪುಟದ ವರದಿ ಕಮಿಷನರ್ ಕಚೇರಿಗೆ. ಕಾನ್ಸುಲೇಟಿನ ಜೊತೆ ಮಾತಾಡುವುದು ಸಚಿವಾಲಯದ ಪ್ರೋಟೊಕಾಲ್ ವಿಭಾಗದ ಕೆಲಸ, ನಮ್ಮದಲ್ಲ.

“ಬಂಗುಡೆ ಎಷ್ಟು ಅಂತ ಬರೀಲಿ ಸರ್?” ರೈಟರ್ ಕೇಳಿದ.

“ಅಕ್ಕ ಹೇಳಿದಷ್ಟು. ಕಾಗೆ ತಿಂದದ್ದೂ ಸೇರಿಸಿ.”