ಹಳೇಬೀಡಿಗೆ ಒಂದು ಗಂಟೆ ಸಾಲದು, ಇಡೀ ದಿನ ಕೊಡಿ

ಬೇಲೂರು ನೋಡಿ ವಾಪಸ್ ಬರುವಾಗ ಹಳೇಬೀಡಿಗೂ ಒಂದು ಗಂಟೆ ಇಣುಕುವುದು ನಮ್ಮ ಹಾಸನದವರದ್ದೇ ರೂಢಿ. ದೇವಸ್ಥಾನ ಸುತ್ತಿ, ನಂದಿ ಮುಂದೆ ಫೋಟೊ ತೆಗೆಸಿಕೊಂಡರೆ ಮುಗಿಯಿತು. ಆದರೆ ಇದು ದೋರಸಮುದ್ರ, ಹೊಯ್ಸಳರ ರಾಜಧಾನಿ. ಊರು ಕಾಣಬೇಕೆಂದರೆ ಗೈಡ್ ಜೊತೆ ಇಡೀ ದಿನ ಸುತ್ತಬೇಕು.

ಶುಕ್ರವಾರ ಬೇಡ, ಮ್ಯೂಸಿಯಂಗೆ ರಜೆ. ಭಾನುವಾರ ಜನ ಜಾಸ್ತಿ. ಹಾಸನದಿಂದ ಸುಮಾರು 30 ಕಿ.ಮೀ. ಅಷ್ಟೇ, ಬೆಳಗಿನ ಬಸ್ ಹಿಡಿಯಿರಿ. ಬ್ಯಾಗಿನಲ್ಲಿ ಒಂದು ಜೊತೆ ಸಾಕ್ಸ್ ಇರಲಿ. ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನದ ಕಲ್ಲು ಕಾಲು ಸುಡುತ್ತದೆ.

ಹೊಯ್ಸಳೇಶ್ವರ ದೇವಸ್ಥಾನದ ಬಳಿಯೇ ಗೈಡ್‌ಗಳು ಸಿಗುತ್ತಾರೆ. ಗುರುತಿನ ಚೀಟಿ ಇರುವವರನ್ನೇ ಮಾತಾಡಿಸಿ. ‘ದೇವಸ್ಥಾನ ಅಷ್ಟೇ ಅಲ್ಲ ಸಾರ್, ಬಸದಿ, ಕೇದಾರೇಶ್ವರ, ಹುಲಿಕೆರೆ ಎಲ್ಲ ಸೇರಿ ಸಂಜೆವರೆಗೆ ಎಷ್ಟು?’ ಅಂತ ಮೊದಲೇ ಕೇಳಿ. ಊಟ, ಆಟೊ ಖರ್ಚು ಯಾರದ್ದು ಅನ್ನುವುದೂ ಆಗಲೇ ಇತ್ಯರ್ಥ ಆಗಲಿ.

ಮೊದಲು ದೇವಸ್ಥಾನ. ಹೊಯ್ಸಳ ರಾಜ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ 1121ರ ಸುಮಾರಿಗೆ ಶುರು ಮಾಡಿಸಿದ ಜೋಡಿ ಗುಡಿ ಇದು. ಗೋಡೆಯನ್ನು ಬುಡದಿಂದ ನೋಡುತ್ತಾ ಹೋಗಿ. ಕೆಳಗೆ ಆನೆ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಅದಕ್ಕೂ ಮೇಲೆ ರಾಮಾಯಣ, ಮಹಾಭಾರತ. ಈ ಕಥೆಯ ಸಾಲಿನ ಹತ್ತಿರ ಗೈಡ್ ಅವಸರ ಮಾಡಿದರೆ ನಿಲ್ಲಿಸಿ, ಕಥೆ ಹೇಳಿಸಿ. ದುಡ್ಡು ಕೊಡುವುದು ಅದಕ್ಕೇ ಅಲ್ವಾ? ಗುಡಿ ಪೂರ್ವಕ್ಕೆ ಮುಖ ಮಾಡಿರುವುದರಿಂದ ಹಿಂದಿನ ಗೋಡೆ ಬೆಳಿಗ್ಗೆ ನೆರಳಲ್ಲಿರುತ್ತದೆ. ಅದನ್ನು ಸಂಜೆಗೆ ಉಳಿಸಿಕೊಳ್ಳಿ.

ಗರುಡಗಂಬವನ್ನು ಮಾತ್ರ ಬಿಡಬೇಡಿ. ಹೊಯ್ಸಳ ರಾಜ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನೊಂದಿಗೇ ಪ್ರಾಣ ಬಿಟ್ಟ ಅಂಗರಕ್ಷಕ ಕುವರ ಲಕ್ಷ್ಮ ಮತ್ತು ಅವನ ಬಳಗದ ನೆನಪಿನ ಕಂಬ. ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ವೀರರನ್ನು ಅದರಲ್ಲಿ ಕೆತ್ತಿದ್ದಾರೆ. ಮಕ್ಕಳು ಜೊತೆಗಿದ್ದರೆ ಎಷ್ಟು ಹೇಳಬೇಕು ಅಂತ ಗೈಡ್‌ಗೆ ಮೊದಲೇ ಸೂಚನೆ ಕೊಡಿ.

ಮ್ಯೂಸಿಯಂ ನೋಡಿಕೊಂಡು, ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರ್ 1311ರಲ್ಲಿ ಈ ಊರಿನ ಮೇಲೆ ಮಾಡಿದ ದಾಳಿಯ ಕಥೆಯನ್ನು ಅಲ್ಲೇ ಕೇಳಿ.

ಬಿಸಿಲು ಏರಿದ ಮೇಲೆ ಬಸದಿಹಳ್ಳಿಯ ಪಾರ್ಶ್ವನಾಥ ಬಸದಿಗೆ, ಅಂದರೆ ಜೈನ ದೇವಾಲಯಕ್ಕೆ ಹೋಗಿ. ಒಳಗೆ ತಂಪು. ಕಂಬಗಳಲ್ಲಿ ಮುಖ ಕಾಣುವಷ್ಟು ಹೊಳಪು. 1133ರಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ್ದು. ಯುದ್ಧದಲ್ಲಿ ಗೆಲುವು, ಮನೆಯಲ್ಲಿ ಗಂಡು ಮಗು, ಜೊತೆಗೇ ಬಸದಿಯ ಪ್ರಸಾದ ಬಂತು ಅಂತ ಖುಷಿಯಾದ ವಿಷ್ಣುವರ್ಧನ ದೇವರಿಗೆ ವಿಜಯ ಪಾರ್ಶ್ವ, ಮಗನಿಗೆ ವಿಜಯ ನರಸಿಂಹ ಅಂತ ಹೆಸರಿಟ್ಟನಂತೆ. ಶಾಸನದಲ್ಲೇ ಇದೆ, ಗೈಡ್ ಹೇಳದಿದ್ದರೆ ನೀವೇ ಕೇಳಿ.

ಇಮ್ಮಡಿ ಬಲ್ಲಾಳ ಮತ್ತು ರಾಣಿ ಕೇತಲದೇವಿ ಕಟ್ಟಿಸಿದ ಕೇದಾರೇಶ್ವರ ಹತ್ತಿರದಲ್ಲೇ ಇದೆ. ಊಟದ ನಂತರ ಆಟೊದಲ್ಲಿ ಹುಲಿಕೆರೆ ಕಲ್ಯಾಣಿ ನೋಡಿ ಬನ್ನಿ.

ನಾಲ್ಕು ಗಂಟೆಗೆ ದೇವಸ್ಥಾನದ ಹಿಂದಿನ ಗೋಡೆಗೆ ಬನ್ನಿ. ದೊಡ್ಡ ಶಿಲ್ಪಗಳ ಸಾಲು ಇಲ್ಲೇ ಇರುವುದು. ಓರೆ ಬಿಸಿಲಿಗೆ ಒಡವೆಯ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಕಾಣುತ್ತದೆ. ಹಾಸನದ ಬಸ್ ಎಷ್ಟೊತ್ತಿಗೆ ಅನ್ನುವುದನ್ನು ಬೆಳಿಗ್ಗೆ ಇಳಿದಾಗಲೇ ವಿಚಾರಿಸಿಟ್ಟಿದ್ದರೆ ಇಲ್ಲಿ ಅವಸರ ಪಡಬೇಕಾಗಿಲ್ಲ.